ಸುಜಾನ್ ಲಂಗ್ಲೆನ್ ಎಂಬಾಕೆಯ ಚರಿತ್ರೆ

ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿರುವ ನಮ್ಮ ಕಕ್ಕಬೆಯ ಸೀಮೆಯಲ್ಲಿ ಹೆಣ್ಣುಮಕ್ಕಳ ದೇಹಶಕ್ತಿಯ ವಿಷಯದಲ್ಲಿ ಸಂದೇಹಪಡುವವರು ವಿರಳ. ಏರುದಾರಿಯಲ್ಲಿ ಸೌದೆಯ ಹೊರೆಯನ್ನು ಹೊತ್ತು ಬರುವವರೂ, ಜಡಿಮಳೆಯಲ್ಲಿ ಗದ್ದೆಗಿಳಿದು ನಾಟಿಮಾಡುವವರೂ, ಬೆಳಗಿನಿಂದ ಬೈಗಿನ ತನಕ ಕಾಫಿಹಣ್ಣನ್ನು ಕೊಯ್ಯುವವರೂ ಹೆಚ್ಚಾಗಿ ಸ್ತ್ರೀಯರೇ. ಆದರೂ ಮನೆಯ ಹುಡುಗಿಯೊಬ್ಬಳು ಆಟದ ಬಯಲಿಗೆ ಇಳಿಯುವೆನೆಂದಾಗ, ಈಕೆಯ ಮೈಕಟ್ಟು ಆಟಕ್ಕೆ ತಕ್ಕುದೋ ಎಂಬ ಒಂದು ಪ್ರಶ್ನೆಯೂ, ಇದರಿಂದ ಇವಳಿಗೆ ಬರುವ ಪ್ರಯೋಜನವೇನೆಂಬ ಇನ್ನೊಂದು ಪ್ರಶ್ನೆಯೂ ಜಗಲಿಯಲ್ಲಿ ತಪ್ಪದೆ ಏಳುವವು. ಈ ಎರಡು ಪ್ರಶ್ನೆಗಳನ್ನೂ ಜೀವಮಾನವೆಲ್ಲಾ ಎದುರಿಸಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ. ಈಕೆಯು ಫ್ರಾನ್ಸ್ ದೇಶದವಳು. ಹೆಸರು ಸುಜಾನ್ ಲಂಗ್ಲೆನ್. ಟೆನ್ನಿಸ್ ಆಟದಲ್ಲಿ ಲೋಕಪ್ರಸಿದ್ಧಳಾದ ಮೊದಲನೆಯ ಸ್ತ್ರೀ ಈಕೆಯೇ ಎಂದರೆ ತಪ್ಪಾಗಲಾರದು.

ಸುಜಾನಳು 1899ನೆಯ ಇಸವಿ ಮೇ 24ರಂದು ಪ್ಯಾರಿಸ್ ನಗರದಲ್ಲಿ ಜನಿಸಿದಳು. ತಂದೆಯ ಹೆಸರು ಶಾರ್ಲ್, ತಾಯಿಯ ಹೆಸರು ಅನಾಯಿಸ್. ತಂದೆಯು ಔಷಧಶಾಸ್ತ್ರವನ್ನು ಕಲಿತವನು. ಪಿತ್ರಾರ್ಜಿತವಾಗಿ ಬಂದ ಕುದುರೆಬಂಡಿಗಳ ವ್ಯಾಪಾರವನ್ನು ಮಾರಿ, ಬಂದ ಹಣದಿಂದ ಬಿಡುವಾಗಿ ಬಾಳುತ್ತಿದ್ದನು. ಈ ದಂಪತಿಗಳಿಗೆ ಒಬ್ಬ ಮಗನೂ ಹುಟ್ಟಿದ್ದನಾದರೂ ಅವನು ಎಳವೆಯಲ್ಲಿಯೇ ತೀರಿಕೊಂಡನು. ಉಳಿದ ಒಬ್ಬಳೇ ಮಗಳಿಗೂ ಆರೋಗ್ಯವಿರಲಿಲ್ಲ. ಉಬ್ಬಸದ ರೋಗವು ಆಕೆಯನ್ನು ಚಿಕ್ಕಂದಿನಿಂದಲೇ ಹಿಡಿದಿತ್ತು. ಒಬ್ಬ ಮಗುವನ್ನು ಮಣ್ಣಿಗೆ ಕೊಟ್ಟು, ಇನ್ನೊಂದು ಮಗುವು ರಾತ್ರಿಯೆಲ್ಲಾ ಉಸಿರಿಗಾಗಿ ಹೆಣಗುವುದನ್ನು ನೋಡುವ ತಾಯಿತಂದೆಗಳ ಸಂಕಟವನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಮಗಳ ಎದೆಗೆ ಬಲಬರಲೆಂಬ ಉದ್ದೇಶದಿಂದ ತಂದೆಯು 1910ರಲ್ಲಿ, ಆಕೆಗೆ 11 ವರ್ಷವಾಗಿದ್ದಾಗ, ಆಟದ ಸಾಮಾನಿನ ಅಂಗಡಿಯಿಂದ ಒಂದು ರ‍್ಯಾಕೆಟನ್ನು ಕೊಂಡುತಂದನು. ಬೇಸಿಗೆಯನ್ನು ಕಳೆಯುವುದಕ್ಕಾಗಿ ಹಳ್ಳಿಯಲ್ಲಿ ಇಟ್ಟುಕೊಂಡಿದ್ದ ಮನೆಯ ಹುಲ್ಲಿನಂಗಳದಲ್ಲಿ ಗೆರೆಗಳನ್ನು ಎಳೆದು ಬಲೆಯನ್ನು ಕಟ್ಟಿದನು. ಔಷಧವಾಗಿ ಕೊಟ್ಟದ್ದು ಹೀಗೆ ವಿದ್ಯೆಯಾಯಿತು. ಕೆಲವು ವಾರಗಳಲ್ಲಿಯೇ ಹುಡುಗಿಯ ಕೈಯಲ್ಲಿ ಅಸಾಧಾರಣವಾದದ್ದೇನೋ ಇದೆಯೆಂಬದು ತಂದೆಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಮಗಳ ಶಿಕ್ಷಣವೇ ಆತನ ಉದ್ಯೋಗವಾಯಿತು.

ಶಾರ್ಲನು ತಾನು ದೊಡ್ಡ ಆಟಗಾರನಲ್ಲ. ಆದರೆ ದೊಡ್ಡ ಆಟಗಾರರನ್ನು ಕಣ್ಣಿಟ್ಟು ನೋಡಿದವನು. ಅವರ ಕುಟುಂಬವು ಚಳಿಗಾಲದಲ್ಲಿ ಸಮುದ್ರತೀರದ ನೀಸ್ ಪಟ್ಟಣದಲ್ಲಿ ವಾಸಿಸುತ್ತಿತ್ತು. ಅಲ್ಲಿಯ ಟೆನ್ನಿಸ್ ಸಂಘದ ಅಂಗಣಗಳಲ್ಲಿ ಆಡುತ್ತಿದ್ದ ಪುರುಷರನ್ನೂ ಸ್ತ್ರೀಯರನ್ನೂ ಹೋಲಿಸಿ ನೋಡಿ ಆತನು ಒಂದು ನಿಶ್ಚಯಕ್ಕೆ ಬಂದನು. ಸ್ತ್ರೀಯರು ಹಿಂದಿನ ಗೆರೆಯ ಬಳಿಯಲ್ಲಿ ನಿಂತು ಮೆಲ್ಲನೆ ಚೆಂಡನ್ನು ಹಿಂದಿರುಗಿಸುವುದು ದೇಹದ ದೌರ್ಬಲ್ಯದಿಂದಲ್ಲ, ಹಾಗೆ ಕಲಿಸಿರುವುದರಿಂದ ಎಂಬದೇ ಆ ನಿಶ್ಚಯ. ಆದಕಾರಣ ಆತನು ಮಗಳನ್ನು ಪುರುಷರೊಂದಿಗೆ ಆಡಿಸಿ, ಪುರುಷರ ಹೊಡೆತಗಳನ್ನೇ ಕಲಿಸಿದನು. ಅಂಗಣದ ಮೂಲೆಗಳಲ್ಲಿ ಕರವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳಬೇಕೆಂದು ವಿಧಿಸುವನು. ಅದು ಸಾಧಿಸಿದ ಮೇಲೆ ಕರವಸ್ತ್ರವನ್ನು ಮಡಿಸಿ ಚಿಕ್ಕದುಮಾಡುವನು. ಕೊನೆಗೆ ಒಂದು ನಾಣ್ಯವನ್ನು ಇಡುವನು. ತಪ್ಪಿದರೆ ನೋಡುವವರ ಮುಂದೆಯೇ ಗದರಿಸುವನು. ಈ ಕಠಿನತೆಯಿಂದ ಮಗಳ ಕೈಯು ಎಷ್ಟು ಸ್ಥಿರವಾಯಿತೋ ಮನಸ್ಸು ಅಷ್ಟೇ ಅಧೀರವಾಯಿತೆಂಬದನ್ನು ಮುಂದೆ ನೋಡುವೆವು. ಮಕ್ಕಳನ್ನು ತಿದ್ದುವ ಹಿರಿಯರು ಈ ಎರಡನ್ನೂ ಒಟ್ಟಾಗಿ ಜ್ಞಾಪಕದಲ್ಲಿಡತಕ್ಕದ್ದು.

ಫಲವೇನೋ ಬೇಗನೆ ದೊರಕಿತು. 1914ರಲ್ಲಿ, 14 ವರ್ಷದ ಬಾಲಿಕೆಯಾಗಿರುವಾಗಲೇ, ಸುಜಾನಳು ಫ್ರೆಂಚ್ ಚಾಂಪಿಯನ್ ಪಂದ್ಯಾವಳಿಯ ಕೊನೆಯ ಪಂದ್ಯದ ತನಕ ಬಂದು ಸೋತಳು. ಅದೇ ವರ್ಷ, 15 ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಸಾಂಕ್ಲೂ ಎಂಬಲ್ಲಿ ನಡೆದ ಗಟ್ಟಿನೆಲದ ಜಾಗತಿಕ ಪಂದ್ಯಾವಳಿಯಲ್ಲಿ ಜಯಿಸಿದಳು. ಆದರೆ ಆ ಬೇಸಿಗೆಯಲ್ಲಿಯೇ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ನಾಲ್ಕು ವರ್ಷಕ್ಕೂ ಹೆಚ್ಚುಕಾಲ ದೊಡ್ಡ ಪಂದ್ಯಗಳೇ ಇಲ್ಲವಾದವು. ಆ ಕಾಲವೆಲ್ಲಾ ಆಕೆಯು ನೀಸಿನಲ್ಲಿದ್ದುಕೊಂಡು ಅಭ್ಯಾಸವನ್ನು ಬಿಡದೆ ನಡೆಸಿದಳು.

1919ರಲ್ಲಿ ಇಂಗ್ಲೆಂಡಿನ ವಿಂಬಲ್ಡನ್ ಪಂದ್ಯಗಳು ಪುನಃ ಆರಂಭವಾದವು. ಸುಜಾನಳು ಅದಕ್ಕೆ ಮೊದಲು ಹುಲ್ಲಿನ ಅಂಗಣದ ಪಂದ್ಯಾವಳಿಯಲ್ಲಿ ಆಡಿದವಳೇ ಅಲ್ಲ. ಕೊನೆಯ ಪಂದ್ಯದಲ್ಲಿ ಎದುರಾದ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ ಎಂಬಾಕೆಯು ಅಲ್ಲಿ 7 ಸಲ ಗೆದ್ದವಳು, 40 ವರ್ಷದವಳು, ಮಕ್ಕಳ ತಾಯಿ. ಈಕೆಗಾದರೋ 20 ವರ್ಷ. ಐದನೆಯ ಜಾರ್ಜ್ ಅರಸನೂ ಮೇರಿ ರಾಣಿಯೂ ನೋಡಲು ಬಂದಿದ್ದರು. ಮೊದಲನೆಯ ಸೆಟ್ಟನ್ನು ಸುಜಾನಳು 10–8ರಿಂದ ಗೆದ್ದಳು. ಎರಡನೆಯದನ್ನು ಚೇಂಬರ್ಸಳು 6–4ರಿಂದ ಗೆದ್ದಳು. ನಡುನಡುವೆ ಹುಡುಗಿಯ ಉಸಿರು ಕಟ್ಟಿದಾಗ ತಂದೆಯು ಬ್ರಾಂದಿಯಲ್ಲಿ ನೆನೆಸಿದ ಸಕ್ಕರೆಯ ತುಂಡುಗಳನ್ನು ಎಸೆದುಕೊಡುತ್ತಿದ್ದನು. ಮೂರನೆಯ ಸೆಟ್ಟಿನಲ್ಲಿ ಚೇಂಬರ್ಸಳಿಗೆ ಗೆಲವಿಗೆ ಒಂದೇ ಅಂಕವು ಬೇಕಾದ ಸಂದರ್ಭವು ಎರಡಾವರ್ತಿ ಬಂತು. ಮೊದಲನೆಯ ಸಲ ಸುಜಾನಳ ರ‍್ಯಾಕೆಟಿನ ಮರದ ಅಂಚಿಗೆ ತಗಲಿದ ಚೆಂಡು ಹೇಗೋ ಬಲೆಯನ್ನು ದಾಟಿ ಆಚೆಗೆ ಬಿತ್ತು. ಎರಡನೆಯ ಸಲ ಆಕೆಯು ಧೈರ್ಯದಿಂದ ಗೆರೆಯ ಅಂಚಿಗೇ ಹೊಡೆದಳು. ಕೊನೆಗೆ 9–7ರಿಂದ ಜಯವು ಆಕೆಯದಾಯಿತು. ಒಟ್ಟು 44 ಗೇಮುಗಳ ಆ ಪಂದ್ಯಕ್ಕಿಂತ ಉದ್ದವಾದ ಸ್ತ್ರೀಯರ ಅಂತಿಮ ಪಂದ್ಯವು ವಿಂಬಲ್ಡನಿನಲ್ಲಿ 1970ರ ವರೆಗೂ ನಡೆಯಲಿಲ್ಲ.

ಆ ದಿನ ಜನರು ಬೆರಗಾದದ್ದು ಆಟಕ್ಕೆ ಮಾತ್ರವಲ್ಲ. ಅದುವರೆಗೆ ಸ್ತ್ರೀಯರು ಸೊಂಟವನ್ನು ಬಿಗಿಯುವ ಒಳಗವಸನ್ನೂ, ಕೆಳಪಾವಡೆಗಳನ್ನೂ, ಉದ್ದ ತೋಳಿನ ಅಂಗಿಯನ್ನೂ ತೊಟ್ಟು ಆಡುತ್ತಿದ್ದರು. ಸುಜಾನಳು ಬಿಗಿತವಿಲ್ಲದ, ಗಿಡ್ಡ ತೋಳಿನ, ಮೊಣಕಾಲಿನಿಂದ ಸ್ವಲ್ಪ ಕೆಳಗಿನ ತನಕ ಬರುವ ತೆಳುವಾದ ಉಡುಪನ್ನು ತೊಟ್ಟಳು. ಕೆಲವರು ಮುಖ ಗಂಟಿಕ್ಕಿದರು. ಆದರೆ ಉಬ್ಬಸದ ರೋಗಿಯು ಪಕ್ಕೆಲುಬುಗಳನ್ನು ಹಗ್ಗದಿಂದ ಬಿಗಿದುಕೊಂಡು ಓಡಲಾದೀತೇ? ಉಸಿರಾಡುವುದಕ್ಕೆ ಎಡೆಮಾಡಿಕೊಂಡದ್ದೇ ಆ ಉಡುಪಿನ ಮುಖ್ಯ ಗುಣ. ಕೆಲವೇ ವರ್ಷಗಳಲ್ಲಿ ಎಲ್ಲಾ ಆಟಗಾರ್ತಿಯರೂ ಅದೇ ಮಾದರಿಯನ್ನು ಅನುಸರಿಸಿದರು. ಆಕೆಯು ಹುಡುಗಿಯರಿಗೆ ಟೆನ್ನಿಸ್ ಕಲಿಸುವ ಒಂದು ಪುಸ್ತಕವನ್ನೂ ಅದೇ 1919ರಲ್ಲಿ ಪ್ರಕಟಿಸಿದಳು.

ಆಕೆಯ ಶರೀರವು ಬಲಿಷ್ಠವಾದುದಲ್ಲ. ಹೊಡೆತದಲ್ಲಿ ಆಕೆಗಿಂತ ಜೋರುಳ್ಳವರು ಇದ್ದರು. ಆದರೆ ಪಾದವು ಚೆಂಡಿಗಿಂತ ಮೊದಲೇ ಸ್ಥಳವನ್ನು ಸೇರುತ್ತಿತ್ತು. ದೇಹದ ತೂಕವು ಸರಿಯಾದ ಕ್ಷಣದಲ್ಲಿ ಹೊಡೆತದ ಹಿಂದೆ ಬರುತ್ತಿತ್ತು. ಚೆಂಡು ಬೇಕಾದ ಗೇಣು ಜಾಗದಲ್ಲಿಯೇ ಬೀಳುತ್ತಿತ್ತು. ನರ್ತಕಿಯಂತೆ ನೆಗೆದು, ಚೆಂಡು ನೆಲಕ್ಕೆ ತಗಲುವ ಮೊದಲೇ ಹೊಡೆಯುವಳು. ಹೀಗೆ ಎದುರಾಳಿಯನ್ನು ಓಡಿಸಿ ತನ್ನ ಉಸಿರನ್ನು ಉಳಿಸಿಕೊಳ್ಳುವಳು. ಕಡಿಮೆ ಬಲವುಳ್ಳವರು ಬಲವನ್ನು ಲೆಕ್ಕಮಾಡಿ ವೆಚ್ಚಮಾಡಬೇಕಷ್ಟೆ. 1920ರಲ್ಲಿ ಆಂಟ್‌ವರ್ಪಿನಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಲ್ಲಿ ಆಕೆಯು ಸ್ವರ್ಣಪದಕವನ್ನು ಗೆಲ್ಲುವಾಗ, ಎಲ್ಲಾ ಪಂದ್ಯಗಳಲ್ಲಿ ಕೂಡಿ ಬಿಟ್ಟುಕೊಟ್ಟದ್ದು 4 ಗೇಮುಗಳನ್ನು ಮಾತ್ರ.

ಇಷ್ಟು ಎತ್ತರಕ್ಕೆ ಏರಿದವಳ ಒಂದೇ ಒಂದು ಸೋಲಿನ ಕಥೆಯನ್ನು ಈಗ ಹೇಳತಕ್ಕದ್ದು. 1921ರಲ್ಲಿ ಆಕೆಯು ಯುದ್ಧದಿಂದ ಹಾಳಾಗಿದ್ದ ಫ್ರಾನ್ಸಿನ ಪ್ರಾಂತಗಳಿಗೆ ಧನಸಹಾಯವಾಗಲೆಂದು ಅಮೆರಿಕಕ್ಕೆ ಹೊರಟಳು. ಎದೆಯಲ್ಲಿ ಕಫವು ಕಟ್ಟಿತ್ತು. ಪ್ರಯಾಣವು ಬೇಡವೆಂದು ವೈದ್ಯರು ಹೇಳಿದ್ದರು. ತಂದೆಯು ಜೊತೆಗೆ ಬರಲಿಲ್ಲ. ಹಡಗಿನಿಂದ ಇಳಿದ ಕೆಲವೇ ದಿನಗಳಲ್ಲಿ ಫಾರೆಸ್ಟ್ ಹಿಲ್ಸ್ ಎಂಬಲ್ಲಿ ಆಡಬೇಕಾಯಿತು. ಆಗ ಶ್ರೇಷ್ಠರಾದ ಆಟಗಾರರನ್ನು ಬೇರೆಬೇರೆಯಾಗಿ ಇರಿಸುವ ಕ್ರಮವು ಇರಲಿಲ್ಲ. ಆದಕಾರಣ ಎರಡನೆಯ ಸುತ್ತಿನಲ್ಲಿಯೇ ಅಮೆರಿಕದ ಚಾಂಪಿಯನಳಾದ ಮೋಲಾ ಮ್ಯಾಲೊರಿ ಎದುರಾದಳು. ನಾರ್ವೆ ದೇಶದಲ್ಲಿ ಹುಟ್ಟಿದ ಈಕೆಯು ದೃಢಕಾಯಳು, ದಣಿವೆಂಬುದನ್ನು ಅರಿಯದವಳು. ಮೊದಲನೆಯ ಸೆಟ್ಟನ್ನು ಸುಜಾನಳು 6–2ರಿಂದ ಸೋತಳು. ಎರಡನೆಯ ಸೆಟ್ಟಿನ ಆರಂಭದಲ್ಲಿಯೇ ಕೆಮ್ಮು ತಡೆಯಲಾಗದೆ, ಕಣ್ಣೀರು ಸುರಿಸುತ್ತಾ, ಇನ್ನು ಆಡಲಾರೆನೆಂದು ಅಂಗಣವನ್ನು ಬಿಟ್ಟು ನಡೆದಳು.

ನೆರೆದ ಸಾವಿರಾರು ಜನರಲ್ಲಿ ಹಲವರು ಹಳಿದು ಕೂಗಿದರು. ಸೋಲನ್ನು ಒಪ್ಪಲಾರದೆ ರೋಗದ ನೆವ ಹೇಳಿದಳೆಂದು ಪತ್ರಿಕೆಗಳು ಬರೆದವು. ಆಕೆಯ ಪರವಾಗಿ ಹೇಳತಕ್ಕದ್ದು ಇಷ್ಟೇ: ಉಬ್ಬಸವು ಹುಟ್ಟುವಾಗಿನ ಜೊತೆಗಾರ್ತಿಯಾಗಿತ್ತು; ಅದು ಆ ದಿನ ಕಲ್ಪಿಸಿದ ಕಥೆಯಲ್ಲ. ಆಕೆಗೆ ವಿರೋಧವಾಗಿ ಹೇಳತಕ್ಕದ್ದೂ ಉಂಟು: ಗೆಲ್ಲುವುದನ್ನು ಮಾತ್ರ ಕಲಿಸಿದ ಮನೆಯಲ್ಲಿ ಬೆಳೆದವಳಿಗೆ, ಸೋತು ನಿಂತು ಎದುರಾಳಿಯ ಕೈಯನ್ನು ನಗುಮುಖದಿಂದ ಹಿಡಿಯುವ ವಿದ್ಯೆಯು ಬಂದಿರಲಿಲ್ಲ. ಮುಂದಿನ ವರ್ಷ, ಎಂದರೆ 1922ರಲ್ಲಿ, ವಿಂಬಲ್ಡನಿನ ಅಂತಿಮ ಪಂದ್ಯದಲ್ಲಿ ಅದೇ ಮ್ಯಾಲೊರಿಯು ಪುನಃ ಎದುರಾದಳು. ಸುಜಾನಳು 6–2, 6–0ರಿಂದ, 26 ನಿಮಿಷಗಳಲ್ಲಿ ಪಂದ್ಯವನ್ನು ಮುಗಿಸಿದಳು. ಯುದ್ಧವು ಮುಗಿದ ಮೇಲೆ 1926ರ ತನಕ ಒಬ್ಬಳೇ ಆಡಿದ ಪಂದ್ಯಗಳಲ್ಲಿ ಆಕೆಯ ಸೋಲು ಫಾರೆಸ್ಟ್ ಹಿಲ್ಸಿನದು ಒಂದೇ. ವಿಂಬಲ್ಡನಿನಲ್ಲಿ 6 ಸಲ ಆಕೆಯು ಜಯಶಾಲಿಯಾದಳು. 1924ರಲ್ಲಿ ಮಾತ್ರ ಕಾಮಾಲೆಯ ಬಳಲಿಕೆಯಿಂದ ನಡುವೆಯೇ ಹಿಂದೆಗೆಯಬೇಕಾಯಿತು.

ಆಕೆಯ ಕಾಲದ ಇನ್ನೊಬ್ಬ ಮಹಾ ಆಟಗಾರ್ತಿಯು ಅಮೆರಿಕದ ಹೆಲೆನ್ ವಿಲ್ಸ್. ಇವರಿಬ್ಬರೂ ಒಬ್ಬರೊಡನೆ ಒಬ್ಬರು ಏಕಾಂಗಿ ಪಂದ್ಯವನ್ನು ಆಡಿದ್ದು ಒಂದೇ ಸಲ, 1926ರ ಫೆಬ್ರವರಿ 16ರಂದು, ಕಾನ್ ಪಟ್ಟಣದಲ್ಲಿ. ಹೆಲೆನಳು 20 ವರ್ಷದವಳು, ಮೈಕಟ್ಟು ಗಟ್ಟಿಯಾದವಳು, ಮುಖದಲ್ಲಿ ಯಾವ ಭಾವವನ್ನೂ ತೋರಿಸದವಳು. ಟಿಕೆಟ್ಟು ದೊರೆಯದವರು ಮರಗಳನ್ನೂ ನೆರೆಮನೆಗಳ ಮಾಡುಗಳನ್ನೂ ಏರಿ ನೋಡಿದರು. ಎರಡನೆಯ ಸೆಟ್ಟಿನಲ್ಲಿ ಸುಜಾನಳಿಗೆ ಗೆಲವಿನ ಅಂಕವು ಒದಗಿದಾಗ, ಹೆಲೆನಳ ಚೆಂಡು ಹೊರಗೆ ಬಿತ್ತೆಂದು ಒಂದು ಕೂಗು ಕೇಳಿಸಿತು. ಇಬ್ಬರೂ ಕೈ ಕುಲುಕಿದರು, ಹೂಗುಚ್ಛಗಳು ಬಂದವು. ಅಷ್ಟರಲ್ಲಿ ಗೆರೆಯನ್ನು ಕಾಯುವ ತೀರ್ಪುಗಾರನು, ಕೂಗಿದವನು ತಾನಲ್ಲವೆಂದೂ ಪ್ರೇಕ್ಷಕರಲ್ಲಿ ಒಬ್ಬನೆಂದೂ ತಿಳಿಸಿದನು. ಪಂದ್ಯವನ್ನು ಪುನಃ ಮುಂದುವರಿಸಬೇಕಾಯಿತು. ಆ ಗೇಮು ಕೈತಪ್ಪಿತು. ಐದು ವರ್ಷಗಳ ಹಿಂದೆ ಅಳುತ್ತಾ ಅಂಗಣವನ್ನು ಬಿಟ್ಟವಳು ಈ ಸಲ ಬಿಡಲಿಲ್ಲ. ಬಳಲಿದ ಮೈಯನ್ನು ಎಳೆದುಕೊಂಡು ಆಡಿ, 6–3, 8–6ರಿಂದ ಎರಡನೆಯ ಬಾರಿಗೆ ಗೆದ್ದಳು. ಮ್ಯಾಲೊರಿ, ವಿಲ್ಸ್, ಲಂಗ್ಲೆನ್ ಈ ಮೂವರ ಮೈಕಟ್ಟು ಮೂರು ವಿಧ. ಆಟಗಾರ್ತಿಯ ದೇಹವು ಹೀಗೆಯೇ ಇರಬೇಕೆಂಬ ಅಚ್ಚು ಎಲ್ಲಿಯೂ ಇಲ್ಲವೆಂಬದಕ್ಕೆ ಇವರೇ ಸಾಕ್ಷಿಗಳು.

ಇನ್ನು ಎರಡನೆಯ ಪ್ರಶ್ನೆಗೆ ಬರುವೆವು. ಕಾನಿನ ಪಂದ್ಯಕ್ಕೆ ಟಿಕೆಟ್ಟು ಮಾರಿದವರು ಹಣಮಾಡಿದರು. ಮಾಡಿನ ಹೆಂಚು ತೆಗೆದು ಇಣುಕುವುದಕ್ಕೂ ಹಣ ಕೇಳಿದವರು ಇದ್ದರಂತೆ. ಆಡಿದ ಇಬ್ಬರಿಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ. ದೊಡ್ಡ ಪಂದ್ಯಗಳು ಹವ್ಯಾಸಿಗಳಿಗೆ ಮೀಸಲು. ಹಣವನ್ನು ಮುಟ್ಟಿದವರಿಗೆ ಅಲ್ಲಿ ಪ್ರವೇಶವಿಲ್ಲವೆಂಬದು ಆಗಿನ ನಿಯಮ. ವಿಂಬಲ್ಡನಿನ ಹಳೆಯ ಅಂಗಣವು ಜನರಿಗೆ ಸಾಲದೆ 1922ರಲ್ಲಿ ಹೊಸ ಸ್ಥಳಕ್ಕೆ ಹೋದುದಕ್ಕೆ ಸುಜಾನಳನ್ನು ನೋಡಬಂದವರ ನೂಕುನುಗ್ಗಲು ಒಂದು ಮುಖ್ಯ ಕಾರಣ. ಆದರೂ ಆಕೆಯು ಪ್ರವೇಶದ ಶುಲ್ಕವನ್ನು ತಾನೇ ಕೊಟ್ಟು ಆಡುವವಳು. ಆತಿಥ್ಯ, ಪ್ರಯಾಣವೆಚ್ಚ ಮುಂತಾದ ಹೆಸರುಗಳಿಂದ ಪ್ರಸಿದ್ಧರಿಗೆ ಮರೆಯಲ್ಲಿ ಏನಾದರೂ ಸಲ್ಲುತ್ತಿತ್ತೆಂಬದು ನಿಜ. ಆದರೆ ಮರೆಯಲ್ಲಿ ಕೊಡುವುದು ದಾನ. ಎದುರಿಗೆ ಎಣಿಸಿ ಕೊಡುವುದು ಕೂಲಿ. ಅನುಕೂಲಸ್ಥರಿಗೆ ಈ ನಿಯಮವು ಗೌರವದ ಕುರುಹು. ಬಡವರ ಮನೆಯ ಮಕ್ಕಳಿಗೆ ಮುಚ್ಚಿದ ಬಾಗಿಲು.

1926ರ ಬೇಸಿಗೆಯಲ್ಲಿ ವಿಂಬಲ್ಡನಿನಲ್ಲಿ ಒಂದು ಅನರ್ಥವು ಸಂಭವಿಸಿತು. ಪಂದ್ಯದ ವೇಳೆಯು ಬದಲಾದ ಸಂಗತಿಯು ಆಕೆಗೆ ಸರಿಯಾಗಿ ತಿಳಿಯದೆ, ಮೇರಿ ರಾಣಿಯು ಕಾದು ಕುಳಿತಿರಬೇಕಾಯಿತು. ಬೇಕೆಂದೇ ರಾಣಿಯನ್ನು ಅವಮಾನಿಸಿದಳೆಂಬ ಅಪವಾದವು ಹಬ್ಬಿತು. ಏಳು ವರ್ಷ ಹೊಗಳಿದ ಜನರು ಒಂದೇ ಮಧ್ಯಾಹ್ನದಲ್ಲಿ ತಿರುಗಿಬಿದ್ದರು. ಮನನೊಂದ ಸುಜಾನಳು ಪಂದ್ಯಾವಳಿಯಿಂದ ಹಿಂದೆಗೆದಳು. ಪುನಃ ಅಲ್ಲಿ ಆಡಲೇ ಇಲ್ಲ. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಆಕೆಯು ಅಮೆರಿಕದ ವ್ಯವಸ್ಥಾಪಕನಾದ ಸಿ. ಸಿ. ಪೈಲ್ ಎಂಬವನೊಡನೆ ಒಡಂಬಡಿಕೆ ಮಾಡಿಕೊಂಡು, ಬಹಿರಂಗವಾಗಿ ಹಣಕ್ಕಾಗಿ ಆಡುವ ವೃತ್ತಿಯನ್ನು ಕೈಕೊಂಡಳು.

ಅಂದಿನ ವರದಿಗಳ ಪ್ರಕಾರ ಆಕೆಗೆ ನಿಶ್ಚಯಿಸಿದ ಸಂಭಾವನೆಯು 50,000 ಡಾಲರುಗಳು. ಅದೇ ತಂಡವನ್ನು ಸೇರಿದ ವಿನ್ಸೆಂಟ್ ರಿಚರ್ಡ್ಸನು 1924ರ ಒಲಿಂಪಿಕ್ ಪಂದ್ಯಗಳಲ್ಲಿ ಜಯಶಾಲಿಯಾದ ಪುರುಷನು. ಆತನಿಗೆ 35,000 ಡಾಲರುಗಳು. ಜನರು ಯಾರನ್ನು ನೋಡುವುದಕ್ಕಾಗಿ ಬರುವರೋ ಅವರಿಗೆ ಹೆಚ್ಚು ಕೊಡುವುದು ಪೈಲನ ಲೆಕ್ಕ. ಆ ಲೆಕ್ಕದಲ್ಲಿ ಗಂಡಸು ಹೆಂಗಸೆಂಬ ಭೇದವಿರಲಿಲ್ಲ. ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಸಭಾಭವನದಲ್ಲಿ ಸುಮಾರು 13,000 ಜನರು ಕೂಡಿದರು. ಅಲ್ಲಿಂದ ಹಲವು ಪಟ್ಟಣಗಳಲ್ಲಿ ಮೇರಿ ಬ್ರೌನ್ ಎಂಬ ಅಮೆರಿಕದ ಹಿರಿಯ ಆಟಗಾರ್ತಿಯೊಡನೆ 38 ಪಂದ್ಯಗಳನ್ನು ಆಡಿ, ಎಲ್ಲವನ್ನೂ ಗೆದ್ದಳು. ಹನ್ನೆರಡು ವರ್ಷ ಚಾಂಪಿಯನಳಾಗಿ ಇತರರಿಗೆ ಲಕ್ಷಾಂತರ ಫ್ರಾಂಕುಗಳನ್ನು ಗಳಿಸಿಕೊಟ್ಟ ತನಗೆ ಉಳಿದದ್ದು ಏನೆಂದು ಆಕೆಯು ಆಗ ನೇರವಾಗಿ ಕೇಳಿದಳು. ಯಾವ ಉದ್ಯೋಗಸ್ಥನಿಗೂ ಕಡಿಮೆಯಿಲ್ಲದಷ್ಟು ತಾನು ದುಡಿದಿರುವಾಗ, ಆ ದುಡಿತದಿಂದ ಬಾಳುವುದು ಅವಮಾನವೆನಿಸುವುದು ಹೇಗೆ ಎಂಬದು ಆಕೆಯ ತರ್ಕ.

ಇದಕ್ಕೆ ಬಂದ ಪ್ರತಿಫಲವು ಬಹಿಷ್ಕಾರ. ವಿಂಬಲ್ಡನಿನ ಸಂಘವು ಆಕೆಯ ಗೌರವ ಸದಸ್ಯತ್ವವನ್ನು ತೆಗೆದುಹಾಕಿತು; ಸ್ವದೇಶದ ಟೆನ್ನಿಸ್ ಸಂಸ್ಥೆಯೂ ಬಾಗಿಲನ್ನು ಮುಚ್ಚಿತು. 1927ರಲ್ಲಿ ಇಂಗ್ಲೆಂಡಿನಲ್ಲಿ ಕೆಲವು ವೃತ್ತಿ ಪಂದ್ಯಗಳನ್ನು ಆಡಿದ ತರುವಾಯ ಆಕೆಯು ಪಂದ್ಯಗಳಿಂದ ನಿವೃತ್ತಳಾದಳು. ಮುಂದೆ ಪ್ಯಾರಿಸ್ಸಿನಲ್ಲಿ ಟೆನ್ನಿಸ್ ಶಾಲೆಯೊಂದನ್ನು ನಡೆಸಿ, ಮಕ್ಕಳಿಗೆ ಕಲಿಸುತ್ತಾ ಕಾಲಕಳೆದಳು. 1938ರ ಬೇಸಿಗೆಯಲ್ಲಿ ರಕ್ತಹೀನತೆಯ ಕ್ರೂರ ರೋಗವು ಆಕೆಯನ್ನು ಹಿಡಿಯಿತು. ಜುಲೈ 2ರಂದು ಹೆಲೆನ್ ವಿಲ್ಸಳು ವಿಂಬಲ್ಡನಿನಲ್ಲಿ ತನ್ನ ಎಂಟನೆಯ ಹಾಗೂ ಕೊನೆಯ ಜಯವನ್ನು ಪಡೆದಳು. ಎರಡೇ ದಿನಗಳ ಬಳಿಕ, ಜುಲೈ 4ರಂದು, ಸುಜಾನಳು ಪ್ಯಾರಿಸ್ಸಿನಲ್ಲಿ ಕಣ್ಣುಮುಚ್ಚಿದಳು. ಆಕೆಗೆ ಆಗ 39 ವರ್ಷ.

ಆಕೆಯು ಕೇಳಿದ ಪ್ರಶ್ನೆಯು ಆಕೆಯೊಡನೆ ಮಣ್ಣಾಗಲಿಲ್ಲ. 1968ರಲ್ಲಿ ದೊಡ್ಡ ಪಂದ್ಯಗಳು ವೃತ್ತಿಗಾರರಿಗೂ ತೆರೆದವು. ಆ ವರ್ಷ ವಿಂಬಲ್ಡನಿನಲ್ಲಿ ಗೆದ್ದ ಪುರುಷನಿಗೆ 2,000 ಪೌಂಡು, ಗೆದ್ದ ಸ್ತ್ರೀಗೆ 750 ಪೌಂಡು. 1970ರಲ್ಲಿ ಅಮೆರಿಕದ ಒಂದು ಪಂದ್ಯಾವಳಿಯಲ್ಲಿ ಪುರುಷನಿಗೆ 12,500 ಡಾಲರು, ಸ್ತ್ರೀಗೆ 1,500 ಡಾಲರು ಎಂದು ಗೊತ್ತುಮಾಡಿದಾಗ, ಬಿಲಿ ಜೀನ್ ಕಿಂಗ್ ಮೊದಲಾದ ಒಂಬತ್ತು ಮಂದಿ ಸ್ತ್ರೀಯರು ಅಲ್ಲಿ ಆಡಲೊಲ್ಲೆವೆಂದು ಹೂಸ್ಟನ್ ನಗರದಲ್ಲಿ ಬೇರೆ ಪಂದ್ಯಾವಳಿಯನ್ನು ಆಡಿದರು. 1973ರಲ್ಲಿ ಅಮೆರಿಕದ ಚಾಂಪಿಯನ್ ಪಂದ್ಯಾವಳಿಯು ಇಬ್ಬರಿಗೂ ಸಮನಾಗಿ ಕೊಟ್ಟಿತು. ವಿಂಬಲ್ಡನಿನಲ್ಲಿ ಸಮತ್ವವು ಬಂದದ್ದು 2007ರಲ್ಲಿ. ಸುಜಾನಳು ಅಲ್ಲಿಂದ ಹೊರಟುಹೋಗಿ ಆಗ 81 ವರ್ಷಗಳು ಸಂದಿದ್ದವು.

ಈ ನಾಲ್ಕು ದೊಡ್ಡ ಪಂದ್ಯಾವಳಿಗಳಲ್ಲಿ ಪುರುಷರು ಐದು ಸೆಟ್ಟುಗಳ ತನಕ ಆಡುವರು, ಸ್ತ್ರೀಯರು ಮೂರು ಮಾತ್ರ. ಸಮನಾದ ಹಣ ಹೇಗೆ ನ್ಯಾಯವೆಂದು ಕೇಳುವವರು ಉಂಟು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ನಮ್ಮ ತೋಟಗಳಲ್ಲಿ ಕಾಫಿಹಣ್ಣನ್ನು ಕೊಯ್ಯುವವರಿಗೆ ತೂಕದ ಮೇಲೆ ಕೂಲಿ ಕೊಡುವಾಗ, ಎಷ್ಟು ಹೊತ್ತು ಗಿಡದ ಬಳಿ ನಿಂತೆಯೆಂದು ಯಾರೂ ಕೇಳುವುದಿಲ್ಲ. ಚೀಲವನ್ನು ತೂಗಿ ನೋಡುವರು. ಐದು ಸೆಟ್ಟುಗಳ ಪಂದ್ಯವು ನಾಲ್ಕು ತಾಸು ನಡೆದರೂ ಮೂರು ನೇರ ಸೆಟ್ಟುಗಳಲ್ಲಿ ಮುಗಿದರೂ ಗೆದ್ದ ಪುರುಷನಿಗೆ ಬಹುಮಾನವು ಒಂದೇ. ಗಳಿಗೆಯ ಲೆಕ್ಕವು ಪುರುಷರೊಳಗೆ ಇಲ್ಲದಿರುವಾಗ ಸ್ತ್ರೀಯರಿಗೆ ಮಾತ್ರ ಯಾಕೆ? 26 ನಿಮಿಷಗಳಲ್ಲಿ ಮುಗಿಸಿದ ಸುಜಾನಳನ್ನೂ, 44 ಗೇಮುಗಳನ್ನು ಆಡಿದ ಸುಜಾನಳನ್ನೂ ಜನರು ಒಂದೇ ಆತುರದಿಂದ ನೋಡಬಂದರು. ಸಮಾನ ಕೆಲಸಕ್ಕೆ ಸಮಾನ ಕೂಲಿಯೆಂಬ ಕಾಯಿದೆಯು ನಮ್ಮ ದೇಶದಲ್ಲಿ ಉಂಟಾದದ್ದು 1976ರಲ್ಲಿ. ಕಾಯಿದೆಯಾದ ಮೇಲೆಯೂ ಹೆಣ್ಣಾಳು, ಗಂಡಾಳು ಎಂದು ಎರಡು ದರಗಳನ್ನು ಕೇಳಿ ಬೆಳೆದವರು ನಮ್ಮಲ್ಲಿ ಹಲವರಿದ್ದಾರೆ.

ಪ್ಯಾರಿಸ್ಸಿನ ರೋಲಾಂ ಗಾರೋಸ್ ಕ್ರೀಡಾಂಗಣದಲ್ಲಿ ಈಗ ಒಂದು ದೊಡ್ಡ ಅಂಗಣಕ್ಕೆ ಸುಜಾನ್ ಲಂಗ್ಲೆನಳ ಹೆಸರಿದೆ. ಅಲ್ಲಿ ಗೆದ್ದ ಸ್ತ್ರೀಗೆ ಕೊಡುವ ಬಟ್ಟಲಿಗೂ ಆಕೆಯದೇ ಹೆಸರು. ಅದೇ ಕ್ರೀಡಾಂಗಣದ ಪಂದ್ಯಾವಳಿಯಲ್ಲಿ 2017ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣನವರು ಕೆನಡಾ ದೇಶದ ಗೇಬ್ರಿಯೆಲಾ ಡಬ್ರೋವ್ಸ್ಕಿಯವರೊಡನೆ ಮಿಶ್ರ ಜೋಡಿಯ ಪಂದ್ಯವನ್ನು ಗೆದ್ದರು. ಅಂಥ ಪಂದ್ಯದಲ್ಲಿ ಬಹುಮಾನವು ಜೋಡಿಗೆ. ಗಂಡೂ ಹೆಣ್ಣೂ ಹಂಚಿಕೊಳ್ಳುವರು. 2024ರಲ್ಲಿ 43ನೆಯ ವಯಸ್ಸಿನಲ್ಲಿ ಅವರು ಆಸ್ಟ್ರೇಲಿಯದಲ್ಲಿ ಪುರುಷರ ಜೋಡಿಯ ಪಂದ್ಯವನ್ನು ಗೆದ್ದು, ದೇಹದ ಪ್ರಾಯವನ್ನು ಕುರಿತ ಹಳೆಯ ಲೆಕ್ಕವನ್ನು ತಿದ್ದಿದರು. ನಮ್ಮ ನೆರೆಯ ಕರಡದಲ್ಲಿ 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿಯೂ ಮನೆತನದ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಜೊತೆಯಲ್ಲಿ ಕೋಲು ಹಿಡಿದು ಇಳಿದದ್ದನ್ನು ನಾವು ಕಂಡಿದ್ದೇವೆ.

ಆದುದರಿಂದ ತಾಯಿತಂದೆಗಳೇ, ಉಬ್ಬಸವುಳ್ಳ ಹುಡುಗಿಯೊಬ್ಬಳು ನಿಮ್ಮ ಅಂಗಳದಲ್ಲಿ ಚೆಂಡನ್ನು ಗೋಡೆಗೆ ಹೊಡೆಯುತ್ತಿದ್ದರೆ, ವೈದ್ಯರ ಸಲಹೆಯನ್ನು ಕೇಳಿ, ಆಡಗೊಡಿರಿ. ಸೋತು ಬಂದ ದಿನ ಗದರಿಸಬೇಡಿರಿ. ಸೋಲನ್ನು ಹೊರುವ ವಿದ್ಯೆಯೂ ಮನೆಯಲ್ಲಿಯೇ ಕಲಿಯತಕ್ಕದ್ದು. ಹಳೆಯ ವಿದ್ಯಾರ್ಥಿನಿಯರೇ, ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ತೋಟದಲ್ಲಾಗಲಿ ನೀವು ಮಾಡಿದ ಕೆಲಸದ ಬೆಲೆಯನ್ನು ಕೇಳಲು ನಾಚಬೇಡಿರಿ. ಹೊಗಳಿಕೆಯು ಕೂಲಿಯ ಬದಲಿಗೆ ಸಲ್ಲುವ ನಾಣ್ಯವಲ್ಲವೆಂಬದನ್ನು ತಿಳಿಯುವುದಕ್ಕೆ ಸುಜಾನಳಿಗೆ ಹನ್ನೆರಡು ವರ್ಷ ಹಿಡಿಯಿತು; ನಿಮಗೆ ಅಷ್ಟು ಹಿಡಿಯದಿರಲಿ.